ಐಬಿಎಂ ಕಾರ್ಬನ್ ಕಾಂಪೊನೆಂಟ್ ಲೈಬ್ರರಿ: ಇದರ ಬೆಲೆ ತಿಳಿಯುವುದು ಟೇಬಲ್ ಮತ್ತು ಫಾರ್ಮ್‌ಗಳಲ್ಲಿ

ಐಬಿಎಂ ತನ್ನ ಸಾಫ್ಟ್‌ವೇರ್ ಉತ್ಪನ್ನಗಳಿಗಾಗಿ ಕಟ್ಟಿಕೊಂಡ ಕಾರ್ಬನ್ ಡಿಸೈನ್ ಸಿಸ್ಟಮ್, ಅಪಾಚೆ 2.0 ಪರವಾನಗಿಯ ಅಡಿಯಲ್ಲಿ ಯಾರು ಬೇಕಾದರೂ ಬಳಸಿಕೊಳ್ಳಬಹುದಾದ ಮುಕ್ತ ತಂತ್ರಾಂಶವಾಗಿದೆ. ಬಣ್ಣ, ಅಕ್ಷರದ ಗಾತ್ರ, ಅಂತರ, ಗ್ರಿಡ್ ಇವುಗಳ ನಿಯಮಗಳ ಜೊತೆಗೆ, ಆ ನಿಯಮಗಳಂತೆಯೇ ಬರೆದಿಟ್ಟ ಬಟನ್, ಟೇಬಲ್, ಮೋಡಲ್ (ಪುಟದ ಮೇಲೆ ತೆರೆಯುವ ಚಿಕ್ಕ ಕಿಟಕಿ), ಡೇಟ್ ಪಿಕರ್ ಮುಂತಾದ ಕಾಂಪೊನೆಂಟ್‌ಗಳೂ ಇದರಲ್ಲಿ ಸಿಗುತ್ತವೆ. ನಾನು ಇಲ್ಲಿ ಪರಿಶೀಲಿಸುತ್ತಿರುವುದು ಅದರ ರಿಯಾಕ್ಟ್ (ಇಂಟರ್ಫೇಸ್ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಆವೃತ್ತಿಯನ್ನು, ಅಂದರೆ 2022ರಲ್ಲಿ ಬಂದ 11ನೆಯ ಆವೃತ್ತಿಯ ಪ್ಯಾಕೇಜನ್ನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಂಕಿಅಂಶ ತುಂಬಿದ ಟೇಬಲ್‌ಗಳು, ಉದ್ದನೆಯ ಫಾರ್ಮ್‌ಗಳು, ದಿನವಿಡೀ ಅದರ ಮುಂದೆಯೇ ಕುಳಿತು ಕೆಲಸ ಮಾಡುವ ಬಳಕೆದಾರರು ಇರುವ ಯೋಜನೆಗೆ ಇದು ಬಹಳ ಒಳ್ಳೆಯ ಆಯ್ಕೆ. ತನ್ನದೇ ಮುಖಚಹರೆ ಬೇಕೆನ್ನುವ ಪ್ರಚಾರದ ಜಾಲತಾಣಕ್ಕೆ ಇದನ್ನು ತರುವುದು ಎರಡೂ ಕಡೆ ನಷ್ಟ.

ಇನ್‌ಸ್ಟಾಲ್ ಮಾಡುವ ಕೆಲಸ ಒಂದೇ ಆಜ್ಞೆಯಲ್ಲಿ ಮುಗಿಯುತ್ತದೆ. 10ನೆಯ ಆವೃತ್ತಿಯವರೆಗೆ ಶೈಲಿಗೆ ಒಂದು ಪ್ಯಾಕೇಜ್, ರಿಯಾಕ್ಟ್‌ಗೆ ಇನ್ನೊಂದು, ಐಕಾನ್‌ಗಳಿಗೆ ಮತ್ತೊಂದು ಎಂದು ಹಲವನ್ನು ಹೊಂದಿಸಬೇಕಿತ್ತು. ಅವುಗಳ ಆವೃತ್ತಿಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವ ಹೊಣೆಯೂ ನಮ್ಮದೇ ಆಗಿತ್ತು. ಈಗ ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ ಬರುತ್ತವೆ. ನಿಜವಾದ ಕೆಲಸ ಶುರುವಾಗುವುದು ಸ್ಯಾಸ್ ಕಡತದಲ್ಲಿ; ಸ್ಯಾಸ್ ಎಂದರೆ ಪುಟದ ರೂಪವನ್ನು ಹೇಳುವ ಸಿಎಸ್‌ಎಸ್ ಆಗಿ ಬದಲಾಗುವ ಭಾಷೆ. ಇದಕ್ಕೆ ಡಾರ್ಟ್ ಸ್ಯಾಸ್ ಬೇಕೇ ಬೇಕು, ಹಳೆಯ ನೋಡ್ ಸ್ಯಾಸ್ ನಡೆಯುವುದಿಲ್ಲ. ಮುಖ್ಯ ಶೈಲಿಕಡತದಲ್ಲಿ ಲೈಬ್ರರಿಯನ್ನು ಒಂದು ಸಾಲಿನಲ್ಲಿ ಕರೆದರೆ ಎಲ್ಲ ಕಾಂಪೊನೆಂಟ್‌ಗಳ ಶೈಲಿಯೂ ಬಂದು ಕೂರುತ್ತದೆ. ಅದು ಅನುಕೂಲವೇ, ಆದರೆ ಕುಗ್ಗಿಸದ ಸ್ಥಿತಿಯಲ್ಲಿ ಆ ಸಿಎಸ್‌ಎಸ್ ಹಲವು ನೂರು ಕಿಲೋಬೈಟ್ ತೂಗುತ್ತದೆ. ಹತ್ತಾರು ಕಾಂಪೊನೆಂಟ್‌ಗಳಷ್ಟೇ ಸಾಕಾದ ಯೋಜನೆಯಲ್ಲಿ ರೀಸೆಟ್, ಥೀಮ್, ಟೈಪ್ ಇವುಗಳನ್ನು ಬೇರೆಬೇರೆಯಾಗಿ ಕರೆದು, ಆಮೇಲೆ ಬೇಕಾದ ಕಾಂಪೊನೆಂಟ್‌ಗಳ ಶೈಲಿಯನ್ನು ಮಾತ್ರ ಒಂದೊಂದಾಗಿ ಸೇರಿಸುವುದು ಲೇಸು. ಮೊದಲ ದಿನವೇ ಹೀಗೆ ಮಾಡಿಟ್ಟರೆ ಸುಲಭ. ಯೋಜನೆ ಬೆಳೆದ ಮೇಲೆ ಯಾವ ಪುಟ ಯಾವ ಶೈಲಿಯನ್ನು ನೆಚ್ಚಿಕೊಂಡಿದೆ ಎಂದು ಬಿಡಿಸುವುದು ತಲೆನೋವಿನ ಕೆಲಸ.

ಫಾಂಟಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕಾರ್ಬನ್ನಿನ ಅಕ್ಷರವಿನ್ಯಾಸ ಐಬಿಎಂ ಪ್ಲೆಕ್ಸ್. ಶೈಲಿಕಡತದಲ್ಲಿ ಅದರ ದಾರಿ ಟಿಲ್ಡೆ ಚಿಹ್ನೆಯಿಂದ ಶುರುವಾಗುತ್ತದೆ. ಯೋಜನೆಯ ಕಡತಗಳನ್ನು ಜೋಡಿಸುವ ಬಿಲ್ಡ್ ಉಪಕರಣಗಳಲ್ಲಿ ವೆಬ್‌ಪ್ಯಾಕ್‌ಗೆ ಆ ಚಿಹ್ನೆಯ ಅರ್ಥ ಗೊತ್ತಿದೆ, ವೀಟ್ ತಾನಾಗಿಯೇ ಅದನ್ನು ಅರ್ಥಮಾಡಿಕೊಳ್ಳುವುದಿಲ್ಲ. ಆಗ ಫಾಂಟ್ ಕಡತಗಳು ಸಿಗದೆ ಬ್ರೌಸರ್ ಸುಮ್ಮನೆ ಕಂಪ್ಯೂಟರಿನಲ್ಲಿರುವ ಬೇರೊಂದು ಅಕ್ಷರವನ್ನು ತೋರಿಸುತ್ತದೆ, ಪುಟ ಚೆನ್ನಾಗಿಯೇ ಕಾಣುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಫಾಂಟ್ ದಾರಿಯ ವೇರಿಯಬಲ್‌ಗೆ ಸರಿಯಾದ ಬೆಲೆ (ಮೌಲ್ಯ) ಕೊಟ್ಟರೆ ಇದು ಸರಿಹೋಗುತ್ತದೆ. ಆದರೆ ಸ್ಯಾಸ್ ಮಾಡ್ಯೂಲನ್ನು ಮೊದಲ ಸಲ ಕರೆಯುವಾಗ ಮಾತ್ರ ಇಂಥ ಬೆಲೆಗಳನ್ನು ಕೊಡಲು ಸಾಧ್ಯ. ಬೇರೊಂದು ಕಡತ ಅದನ್ನು ಮೊದಲೇ ಕರೆದಿದ್ದರೆ ಬಿಲ್ಡ್ ಅಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಎಲ್ಲ ಹೊಂದಾಣಿಕೆಗಳನ್ನೂ ಒಂದೇ ಕಡತದಲ್ಲಿಟ್ಟು, ಅದನ್ನೇ ಎಲ್ಲಕ್ಕಿಂತ ಮೊದಲು ಕರೆಯುವ ಪದ್ಧತಿ ಇಟ್ಟುಕೊಳ್ಳಬೇಕು.

ಪ್ಲೆಕ್ಸ್ ಕುಟುಂಬದಲ್ಲಿ ದೇವನಾಗರಿ, ಅರಬ್ಬೀ, ಹೀಬ್ರೂ, ಥಾಯ್ ಲಿಪಿಗಳಿವೆ, ಕನ್ನಡ ಇಲ್ಲ. ಕನ್ನಡದಲ್ಲಿ ಇಂಟರ್ಫೇಸ್ ಮಾಡುವವರು ತಮ್ಮ ಆಯ್ಕೆಯ ಫಾಂಟನ್ನು ಪಟ್ಟಿಗೆ ಸೇರಿಸಿದರಷ್ಟೇ ಸಾಲದು, ಸಾಲಿನ ಎತ್ತರವನ್ನೂ ನೋಡಬೇಕಾಗುತ್ತದೆ. ಬಟನ್, ಮೆನು ಮುಂತಾದ ಕಡೆ ಬಳಕೆಯಾಗುವ ಒತ್ತಾದ ಶೈಲಿಯಲ್ಲಿ 14 ಪಿಕ್ಸೆಲ್ ಅಕ್ಷರಕ್ಕೆ 18 ಪಿಕ್ಸೆಲ್ ಸಾಲಿನ ಎತ್ತರವಿದೆ. ಲ್ಯಾಟಿನ್ ಅಕ್ಷರಗಳಿಗೆ ಅದು ಸಾಕು, ಕೆಳಗೆ ಒತ್ತಕ್ಷರಗಳು ಇಳಿಯುವ ಲಿಪಿಗೆ ಇಕ್ಕಟ್ಟು. ಅದೃಷ್ಟವಶಾತ್ 11ನೆಯ ಆವೃತ್ತಿಯಲ್ಲಿ ಈ ಅಳತೆಗಳೆಲ್ಲ ಸಿಎಸ್‌ಎಸ್ ಕಸ್ಟಮ್ ಪ್ರಾಪರ್ಟಿಗಳಾಗಿರುವುದರಿಂದ, ಮೂಲದಲ್ಲಿ ಒಂದು ಬೆಲೆಯನ್ನು ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ.

ಗ್ರಿಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಪರದೆಗೆ 4, ಮಧ್ಯಮಕ್ಕೆ 8, 1056 ಪಿಕ್ಸೆಲ್‌ನಿಂದ ಮೇಲಕ್ಕೆ 16 ಕಾಲಮ್‌ಗಳು. ಅಳತೆಗಳೆಲ್ಲ 8ರ ಮಗ್ಗಿಯ ಮೇಲೆ ನಿಂತಿವೆ, ಕೆಲಸ ಮಾಡುತ್ತದೆ.

ಈಗ ಟೇಬಲ್. ಕಾರ್ಬನ್ನಿನ ಡೇಟಾ ಟೇಬಲ್‌ಗೆ ಎರಡು ಪಟ್ಟಿಗಳನ್ನು ಕೊಡಬೇಕು: ಶೀರ್ಷಿಕೆಗಳದ್ದೊಂದು, ಸಾಲುಗಳದ್ದೊಂದು. ಅದು ವಿಂಗಡಣೆ, ಆಯ್ಕೆ, ವಿಸ್ತರಣೆ, ಹುಡುಕಾಟ ಇವುಗಳ ಸ್ಥಿತಿಯನ್ನು ತಾನು ಇಟ್ಟುಕೊಂಡು, ಪ್ರತಿ ತುಣುಕಿಗೂ ಬೇಕಾದ ಪ್ರಾಪ್‌ಗಳನ್ನು (ಕಾಂಪೊನೆಂಟ್‌ಗೆ ಕೊಡುವ ಹೊಂದಾಣಿಕೆಗಳನ್ನು) ಫಂಕ್ಷನ್‌ಗಳ ಮೂಲಕ ನಮಗೆ ಹಿಂದಿರುಗಿಸುತ್ತದೆ. ಟೇಬಲ್‌ನ ಮೈಯನ್ನು ನಾವೇ ಬರೆಯಬೇಕು. ಮೊದಲ ಸಲ ನೋಡಿದಾಗ ಕೋಡ್ ಉದ್ದವಾಯಿತು ಅನ್ನಿಸುವುದು ಸಹಜ. ಒಂದು ಕಾಲಮ್ಮಿನಲ್ಲಿ ಸ್ಥಿತಿಯ ಟ್ಯಾಗ್, ಇನ್ನೊಂದರಲ್ಲಿ ಲಿಂಕ್, ಕೊನೆಯದರಲ್ಲಿ ಮೂರು ಚುಕ್ಕಿಯ ಮೆನು ಬೇಕಾದ ದಿನ ಈ ಉದ್ದದ ಬೆಲೆ ತಿಳಿಯುತ್ತದೆ, ಏಕೆಂದರೆ ಯಾವುದನ್ನೂ ಬಲವಂತವಾಗಿ ತುರುಕಬೇಕಾಗುವುದಿಲ್ಲ. ಸಾಲುಗಳ ಎಡಗಡೆಯ ಚೆಕ್‌ಬಾಕ್ಸ್ ಒತ್ತಿದ ಕೂಡಲೇ ಮೇಲಿನ ಟೂಲ್‌ಬಾರ್‌ನ ಜಾಗಕ್ಕೆ ನೀಲಿ ಪಟ್ಟಿಯೊಂದು ಬಂದು, ಎಷ್ಟು ಸಾಲು ಆಯ್ಕೆಯಾಗಿವೆ ಎಂದು ತಿಳಿಸಿ, ಅಳಿಸುವ, ಡೌನ್‌ಲೋಡ್ ಮಾಡುವ ಬಟನ್‌ಗಳನ್ನು ಮುಂದಿಡುತ್ತದೆ. ರದ್ದು ಮಾಡಿದರೆ ಹಳೆಯ ಟೂಲ್‌ಬಾರ್ ಮರಳುತ್ತದೆ. ಇದನ್ನು ಸೊನ್ನೆಯಿಂದ ಬರೆಯಲು ಹೊರಟವರಿಗೆ ಇದರೊಳಗಿನ ಶ್ರಮ ಗೊತ್ತು.

ಆದರೆ ಟೇಬಲ್‌ನ ಎರಡು ಗುಣಗಳನ್ನು ತಿಳಿಯದೆ ಬಳಸಬಾರದು. ಪ್ರತಿ ಸಾಲಿನ ಗುರುತು ವಿಶಿಷ್ಟವಾದ ಸ್ಟ್ರಿಂಗ್ ಆಗಿರಬೇಕು, ಮತ್ತು ಅದು ದತ್ತಾಂಶದ ನಿಜವಾದ ಗುರುತಾಗಿರಬೇಕು. ಆಯ್ಕೆಯನ್ನು ಟೇಬಲ್ ಈ ಗುರುತಿನ ಮೂಲಕವೇ ನೆನಪಿಟ್ಟುಕೊಳ್ಳುವುದರಿಂದ, ಸಾಲಿನ ಕ್ರಮಸಂಖ್ಯೆಯನ್ನೇ ಗುರುತಾಗಿ ಕೊಟ್ಟರೆ, ಹೊಸ ದತ್ತಾಂಶ ಬಂದಾಗ ಆಯ್ಕೆ ಮಾಡಿದ್ದ ಸಾಲಿನ ಜಾಗದಲ್ಲಿ ಬಂದು ಕುಳಿತ ಬೇರೆಯೇ ದಾಖಲೆ ಆಯ್ಕೆಯಾದಂತೆ ಕಾಣುತ್ತದೆ, ಅಳಿಸುವ ಬಟನ್ ಪಕ್ಕದಲ್ಲೇ ಇರುತ್ತದೆ. ಎರಡನೆಯದು ಪುಟವಿಂಗಡಣೆ. ಅದು ಟೇಬಲ್‌ನ ಒಳಗೆ ಇಲ್ಲ, ಬೇರೆಯೇ ಕಾಂಪೊನೆಂಟ್. ಒಂದು ಪುಟಕ್ಕೆ ಬೇಕಾದ ಸಾಲುಗಳನ್ನು ನಾವು ಕತ್ತರಿಸಿ ಕೊಟ್ಟರೆ, ಟೇಬಲ್‌ನ ವಿಂಗಡಣೆ ಮತ್ತು ಹುಡುಕಾಟ ಆ ಸಾಲುಗಳಿಗೆ ಮಾತ್ರ ಅನ್ವಯವಾಗುತ್ತವೆ. ಅತಿ ದೊಡ್ಡ ಮೊತ್ತವನ್ನು ನೋಡಲು ಶೀರ್ಷಿಕೆ ಒತ್ತಿದ ಬಳಕೆದಾರರಿಗೆ ಆ ಪುಟದ ದೊಡ್ಡ ಮೊತ್ತ ಸಿಗುತ್ತದೆ, ಇಡೀ ಪಟ್ಟಿಯದಲ್ಲ. ಸರ್ವರ್‌ನಿಂದ ಪುಟಪುಟವಾಗಿ ದತ್ತಾಂಶ ತರುವ ಯೋಜನೆಯಲ್ಲಿ ವಿಂಗಡಣೆಯನ್ನೂ ಸರ್ವರ್‌ಗೇ ಒಪ್ಪಿಸಬೇಕು. ಸಾವಿರಾರು ಸಾಲುಗಳನ್ನು ಒಟ್ಟಿಗೆ ತೋರಿಸುವ ಉದ್ದೇಶವಿದ್ದರೆ, ಕಾಣುವ ಸಾಲುಗಳನ್ನಷ್ಟೇ ಚಿತ್ರಿಸುವ ವ್ಯವಸ್ಥೆ ಇದರಲ್ಲಿಲ್ಲ ಎಂಬುದನ್ನೂ ಗಮನಿಸಬೇಕು.

ಫಾರ್ಮ್‌ಗಳ ವಿಷಯದಲ್ಲಿ ನನಗೆ ಈ ಲೈಬ್ರರಿಯ ಮೇಲೆ ನಿಜವಾದ ಗೌರವವಿದೆ. ಟೆಕ್ಸ್ಟ್ ಇನ್‌ಪುಟ್‌ಗೆ ಲೇಬಲ್ ಮತ್ತು ಗುರುತು ಕಡ್ಡಾಯ. ಲೇಬಲ್ ಕಣ್ಣಿಗೆ ಕಾಣಬಾರದೆಂದರೆ ಮರೆಮಾಡಬಹುದು, ಆದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಅದು ಉಳಿಯುತ್ತದೆ. ತಪ್ಪು ತೋರಿಸುವ ಪ್ರಾಪ್ ಕೊಟ್ಟರೆ ಕೆಂಪು ಚೌಕಟ್ಟು, ಎಚ್ಚರಿಕೆಯ ಐಕಾನ್, ಕೆಳಗಿನ ವಿವರಣೆ ಮೂರೂ ಒಟ್ಟಿಗೆ ಬರುತ್ತವೆ, ಮತ್ತು ಆ ವಿವರಣೆ ಇನ್‌ಪುಟ್‌ಗೆ ಸ್ಕ್ರೀನ್ ರೀಡರ್‌ಗೆ ಮಾಹಿತಿ ಕೊಡುವ ಏರಿಯಾ (ARIA) ಗುಣಲಕ್ಷಣದ ಮೂಲಕ ಜೋಡಣೆಯಾಗಿರುತ್ತದೆ. ಬಣ್ಣವೊಂದನ್ನೇ ನಂಬಿ ತಪ್ಪನ್ನು ತೋರಿಸಬಾರದೆಂಬ ನಿಯಮ ಎಲ್ಲರಿಗೂ ಗೊತ್ತಿದ್ದರೂ, ಗಡುವು ಹತ್ತಿರ ಬಂದಾಗ ಮೊದಲು ಬಿಟ್ಟುಹೋಗುವುದು ಅದೇ. ಇಲ್ಲಿ ಬಿಡಲು ಅವಕಾಶವಿಲ್ಲ. ಮೋಡಲ್ ತೆರೆದಾಗ ಕೀಬೋರ್ಡ್ ಫೋಕಸ್ ಅದರೊಳಗೇ ಸುತ್ತುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. ಮುಚ್ಚಿದ ಮೋಡಲ್ ಸಾಮಾನ್ಯವಾಗಿ ಪುಟದಲ್ಲಿಯೇ ಅಡಗಿ ಉಳಿಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು: ಒಳಗಿನ ಫಾರ್ಮ್‌ನಲ್ಲಿ ಬರೆದದ್ದು ಮುಂದಿನ ಸಲ ತೆರೆದಾಗಲೂ ಹಾಗೆಯೇ ಇರುತ್ತದೆ. ಅದು ಬೇಡವಾದರೆ ತೆರೆಯುವಾಗ ಮಾತ್ರ ಅದನ್ನು ಮೌಂಟ್ ಮಾಡಬೇಕು, ಅಂದರೆ ಪುಟಕ್ಕೆ ಸೇರಿಸಬೇಕು.

ಬಿಳಿ ಥೀಮಿನಲ್ಲಿ ಇನ್‌ಪುಟ್‌ನ ಹಿನ್ನೆಲೆ ತಿಳಿಬೂದು, ಗಡಿರೇಖೆ ಕೆಳಗಡೆ ಮಾತ್ರ. ಅದೇ ತಿಳಿಬೂದಿನ ಟೈಲ್‌ನೊಳಗೆ (ವಿಷಯವನ್ನಿಡುವ ಚೌಕದೊಳಗೆ) ಅದನ್ನಿಟ್ಟರೆ ಒಂದು ಗೆರೆಯಷ್ಟೇ ಕಾಣುತ್ತದೆ, ಪೆಟ್ಟಿಗೆ ಕಾಣುವುದಿಲ್ಲ. ಹೊಸಬರು ಇಲ್ಲಿ ಬಣ್ಣವನ್ನು ಕೈಯಾರೆ ಬದಲಿಸಲು ಹೋಗುತ್ತಾರೆ. ಲೇಯರ್ ಎಂಬ ಕಾಂಪೊನೆಂಟಿನಿಂದ ಇನ್‌ಪುಟ್ಟನ್ನು ಸುತ್ತಿದರೆ ಸಾಕು, ಅದು ತಾನೇ ಬಿಳಿಯಾಗುತ್ತದೆ. ನಾಲ್ಕು ಥೀಮ್‌ಗಳಲ್ಲಿ ಯಾವುದಕ್ಕೆ ಬದಲಾದರೂ ಅಲ್ಲಿಗೆ ತಕ್ಕ ಬಣ್ಣ ಬರುತ್ತದೆ. ಕಾರ್ಬನ್ನನ್ನು ಒಪ್ಪಿಕೊಂಡು ಬಳಸುವುದೆಂದರೆ ಏನೆಂದು ಈ ಚಿಕ್ಕ ಉದಾಹರಣೆ ಸ್ಪಷ್ಟವಾಗಿ ತೋರಿಸುತ್ತದೆ. ತೊಂದರೆಗೆ ಉತ್ತರ ಬಹುತೇಕ ವ್ಯವಸ್ಥೆಯ ಒಳಗೇ ಇರುತ್ತದೆ, ಅದನ್ನು ಹುಡುಕುವ ತಾಳ್ಮೆ ತಂಡಕ್ಕೆ ಇರಬೇಕು.

ಆ ಒಪ್ಪಿಗೆಗೆ ಮನಸ್ಸಿಲ್ಲದವರಿಗೆ ಇದು ಪ್ರತಿ ಹೆಜ್ಜೆಗೂ ಅಡ್ಡ ಬರುತ್ತದೆ. ಬಟನ್‌ನ ಮೂಲೆಗಳು ಚೂಪು, ಸಾಮಾನ್ಯ ಎತ್ತರ 48 ಪಿಕ್ಸೆಲ್, ಬರಹ ಎಡಕ್ಕೆ, ಐಕಾನ್ ಬಲತುದಿಗೆ. ಮುಖ್ಯ ಬಣ್ಣ ಐಬಿಎಂನ ನೀಲಿ. ಹೆಡರ್‌ನ ಹೆಸರಿನ ಕಾಂಪೊನೆಂಟ್‌ಗೆ ಪೂರ್ವಪದವನ್ನು ಖಾಲಿ ಎಂದು ಸ್ಪಷ್ಟವಾಗಿ ಹೇಳದಿದ್ದರೆ, ನಿಮ್ಮ ಉತ್ಪನ್ನದ ಹೆಸರಿನ ಮುಂದೆ ಐಬಿಎಂ ಎಂದೇ ಮುದ್ರಿತವಾಗುತ್ತದೆ. ಬಣ್ಣವನ್ನು ಟೋಕನ್‌ಗಳ (ಬಣ್ಣ, ಅಂತರಗಳಂಥ ಬೆಲೆಗಳಿಗೆ ಇಟ್ಟ ಹೆಸರುಗಳ) ಮೂಲಕ ಬದಲಿಸುವುದು ಸುಲಭ ಮತ್ತು ನ್ಯಾಯವಾದ ದಾರಿ. ದುಂಡು ಮೂಲೆ, ಮಧ್ಯಕ್ಕೆ ಬಂದ ಬರಹ, ಇನ್‌ಪುಟ್‌ಗೆ ನಾಲ್ಕೂ ಕಡೆ ಗೆರೆ ಎಂದು ಶುರು ಮಾಡಿದರೆ ಕ್ಲಾಸ್ ಹೆಸರುಗಳ ಮೇಲೆ ನಮ್ಮ ಸಿಎಸ್‌ಎಸ್ ಹೇರಬೇಕಾಗುತ್ತದೆ, ಆ ಹಂತದಲ್ಲಿ ಬೇರೆ ಲೈಬ್ರರಿಯೇ ಒಳ್ಳೆಯದು.

ಭಾಷಾಂತರದ ಏರ್ಪಾಡು ಮೆಚ್ಚುವಂಥದ್ದು. ಕಾಂಪೊನೆಂಟ್‌ಗಳೊಳಗಿನ ಇಂಗ್ಲಿಷ್ ಮಾತುಗಳನ್ನು ಬದಲಿಸಲು ಫಂಕ್ಷನ್‌ಗಳಿವೆ. ಟೇಬಲ್‌ನ ನೀಲಿ ಪಟ್ಟಿಯಲ್ಲಿ ಏಕವಚನ ಮತ್ತು ಬಹುವಚನಕ್ಕೆ ಬೇರೆಬೇರೆ ಕೀಲಿಗಳಿವೆ, ಪುಟವಿಂಗಡಣೆಯಲ್ಲಿ ಆರಂಭ, ಅಂತ್ಯ ಮತ್ತು ಒಟ್ಟು ಸಂಖ್ಯೆ ಕೈಗೆ ಬರುವುದರಿಂದ ವಾಕ್ಯವನ್ನು ನಮ್ಮ ಭಾಷೆಯ ಪದಕ್ರಮದಲ್ಲೇ ಕಟ್ಟಬಹುದು. ಆದರೆ ಇವನ್ನು ಪ್ರತಿ ಕಾಂಪೊನೆಂಟಿಗೂ ಪ್ರತ್ಯೇಕವಾಗಿ ಕೊಡಬೇಕಾದ್ದರಿಂದ, ತಂಡದವರು ತಮ್ಮದೇ ತೆಳುವಾದ ಹೊದಿಕೆಯ ಕಾಂಪೊನೆಂಟ್‌ಗಳನ್ನು ಮಾಡಿಟ್ಟುಕೊಳ್ಳುವುದು ಒಳಿತು.

ಟೆಲಿಮೆಟ್ರಿಯ ವಿಷಯವನ್ನು ಇನ್‌ಸ್ಟಾಲ್ ಮಾಡುವ ಮೊದಲೇ ತಿಳಿದಿರಬೇಕು. ಕಾರ್ಬನ್ ಪ್ಯಾಕೇಜ್‌ಗಳು ಬಳಕೆಯ ಮಾಹಿತಿಯನ್ನು ಗುರುತು ತೆಗೆದು ಐಬಿಎಂಗೆ ಕಳುಹಿಸುತ್ತವೆ. ಇದು ನಡೆಯುವುದು ಸಿಐ ಪರಿಸರದಲ್ಲಿ (ಕೋಡನ್ನು ತಾನಾಗಿಯೇ ಬಿಲ್ಡ್ ಮಾಡಿ ಪರೀಕ್ಷಿಸುವ ಸರ್ವರ್‌ನಲ್ಲಿ) ಮಾತ್ರ, ಡೆವಲಪರ್‌ನ ಸ್ವಂತ ಯಂತ್ರದಲ್ಲಿ ಅಲ್ಲ. ಪ್ಯಾಕೇಜಿನ ರೀಡ್‌ಮಿಯಲ್ಲಿ ಇದನ್ನು ಬರೆದಿದ್ದಾರೆ, ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದರಿಂದ ನಿಲ್ಲಿಸಲೂ ಬಹುದು. ಆದರೂ ಕೇಳಿ ಒಪ್ಪಿಗೆ ಪಡೆಯುವ ಬದಲು, ಬೇಡವೆಂದವರು ತಾವಾಗಿಯೇ ನಿಲ್ಲಿಸಬೇಕೆಂಬ ಈ ಕ್ರಮ ನನಗೆ ಸರಿಕಾಣುವುದಿಲ್ಲ.

ರಿಯಾಕ್ಟ್ ಬಳಸದವರಿಗೆ ಲಿಟ್ ಎಂಬ ಲೈಬ್ರರಿಯ ಮೇಲೆ ಕಟ್ಟಿದ ವೆಬ್ ಕಾಂಪೊನೆಂಟ್‌ಗಳ ಆವೃತ್ತಿ ಇದೆ, ಆ್ಯಂಗ್ಯುಲರ್ ಮತ್ತು ಸ್ವೆಲ್ಟ್ ಆವೃತ್ತಿಗಳೂ ಇವೆ. ಹೊಸ ಕಾಂಪೊನೆಂಟ್ ಎಲ್ಲ ಕಡೆಯೂ ಒಂದೇ ದಿನ ಬರುತ್ತದೆಂದು ನಂಬಿ ಯೋಜನೆ ಹಾಕಿಕೊಳ್ಳಬಾರದು.

10ನೆಯ ಆವೃತ್ತಿಯಲ್ಲೇ ಉಳಿದಿರುವ ಯೋಜನೆಗಳು ಇನ್ನೂ ಇವೆ. ಅವನ್ನು ಮೇಲಕ್ಕೆ ತರಲು ಕಾರ್ಬನ್ ತಂಡ ಕೊಟ್ಟಿರುವ ಅಪ್‌ಗ್ರೇಡ್ ಉಪಕರಣ ಪ್ಯಾಕೇಜ್ ಹೆಸರುಗಳು, ಇಂಪೋರ್ಟ್‌ಗಳಂಥ ಯಾಂತ್ರಿಕ ಬದಲಾವಣೆಗಳ ದೊಡ್ಡ ಪಾಲನ್ನು ತಾನೇ ಮಾಡಿಕೊಡುತ್ತದೆ. ಕ್ಲಾಸ್ ಹೆಸರುಗಳ ಮೇಲೆ ಹೇರಿದ ಸಿಎಸ್‌ಎಸ್ ಮಾತ್ರ ಅದರ ಕೈಗೆ ಸಿಗುವುದಿಲ್ಲ: ಕ್ಲಾಸ್‌ನ ಪೂರ್ವಪದ ಬಿಎಕ್ಸ್‌ನಿಂದ ಸಿಡಿಎಸ್‌ಗೆ ಬದಲಾದ್ದರಿಂದ ಅಂಥ ಶೈಲಿಗಳು ಯಾವ ಎಚ್ಚರಿಕೆಯೂ ಇಲ್ಲದೆ ಕೆಲಸ ನಿಲ್ಲಿಸುತ್ತವೆ. ಸ್ಯಾಸ್‌ನಲ್ಲಿ ಪೂರ್ವಪದದ ವೇರಿಯಬಲ್ಲನ್ನೂ, ರಿಯಾಕ್ಟ್‌ನಲ್ಲಿ ಅದಕ್ಕೆಂದೇ ಇರುವ ಕಾಂಪೊನೆಂಟನ್ನೂ ಬಳಸಿ ಹಳೆಯ ಪೂರ್ವಪದವನ್ನು ತಾತ್ಕಾಲಿಕವಾಗಿ ಉಳಿಸಿಕೊಳ್ಳಬಹುದು. ದೊಡ್ಡ ಯೋಜನೆಯಲ್ಲಿ ಮೊದಲು ಹೀಗೆ ಮೇಲಕ್ಕೆ ಬಂದು, ಆಮೇಲೆ ಹೇರಿದ ಶೈಲಿಗಳನ್ನು ಪುಟಕ್ಕೊಂದರಂತೆ ಟೋಕನ್‌ಗಳಿಗೆ ಬದಲಿಸಿಕೊಂಡು ಹೋಗುವ ಕ್ರಮವನ್ನೇ ನಾನು ಶಿಫಾರಸು ಮಾಡುತ್ತೇನೆ.