ರಕ್ತನಾಳ ನೋಡಲು ಡಾಪ್ಲರ್ ಸಾಕಾ, ಸಿಟಿ ಆಂಜಿಯೋಗ್ರಾಮ್ ಬೇಕಾ?

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಅನ್ನೋ ಅನುಮಾನ ಇದ್ದರೆ ಮೊದಲು ಡಾಪ್ಲರ್ ಸ್ಕ್ಯಾನೇ ಸರಿ, ಅಂದರೆ ಶಬ್ದತರಂಗದಿಂದ ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್. ಸೂಜಿ ಇಲ್ಲ, ವಿಕಿರಣವೂ ಇಲ್ಲ. ಜೆಲ್ ಹಚ್ಚಿ ಪ್ರೋಬ್‌ನಿಂದ ಅಲ್ಲಲ್ಲಿ ಒತ್ತುತ್ತಾರೆ. ಒತ್ತಿದಾಗ ರಕ್ತನಾಳ ಚಪ್ಪಟೆಯಾಗದಿದ್ದರೆ ಒಳಗೆ ಹೆಪ್ಪು ಇರಬಹುದು, ಅದಕ್ಕೇ ಒತ್ತೋದು, ಊದಿದ ಕಾಲಾದರೆ ಸ್ವಲ್ಪ ನೋಯುತ್ತದೆ, ಸುಮ್ನೆ ಸಹಿಸಿಕೊಳ್ಳದೆ ಹೇಳಿಬಿಡಿ. ರಕ್ತ ಹರಿಯುವ ಸದ್ದು ಯಂತ್ರದಿಂದ ಜೋರಾಗಿ ಕೇಳಿದರೆ ಗಾಬರಿ ಬೇಡ. ಸಾಮಾನ್ಯವಾಗಿ 30ರಿಂದ 60 ನಿಮಿಷ. ಹೊಟ್ಟೆಯ ರಕ್ತನಾಳಕ್ಕಾದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗುತ್ತದೆ, ಗ್ಯಾಸ್ ಜಾಸ್ತಿ ಇದ್ದರೆ ಚಿತ್ರ ಸರಿಯಾಗಿ ಬರುವುದಿಲ್ಲ.

ಸಿಟಿ ಆಂಜಿಯೋಗ್ರಾಮ್ (ಎಕ್ಸ್‌ರೇಯಿಂದ ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಸ್ಕ್ಯಾನ್) ಬೇಗ ಮುಗಿಯುತ್ತದೆ, ಆಳದ ನಾಳಗಳೂ ಸ್ಪಷ್ಟವಾಗಿ ಕಾಣುತ್ತವೆ. ಆದರೆ ವಿಕಿರಣ ಇದೆ, ಕೈಗೆ ಸೂಜಿ ಹಾಕಿ, ನಾಳಗಳು ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಔಷಧಿ ಬಿಡುತ್ತಾರೆ, ಆಗ ಮೈ ಬಿಸಿಯಾದಂತೆ ಅನಿಸುತ್ತದೆ. ಕಿಡ್ನಿ ತೊಂದರೆ, ಔಷಧಿ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ.