ಹೊಸ ರುಚಿಯ ಬೇಕರಿಗೆ ಪಾರ್ಟಿ ಕೇಕ್ ಹೇಳುವ ಮುಂಚೆ ಇದನ್ನೊಮ್ಮೆ ಓದಿ

ಬ್ಲೂ ಚೀಸ್ (ನೀಲಿ ಬೂಷ್ಟು ಬೆಳೆಸಿದ ಗಾಟು ಚೀಸ್) ಹಾಕಿದ ಕೇಕ್, ಮಿಸೋ (ಸೋಯಾಬೀನ್ ಹುದುಗಿಸಿ ಮಾಡುವ ಉಪ್ಪುಪ್ಪು ಜಪಾನಿ ಪೇಸ್ಟ್) ಹಾಕಿದ ಕುಕಿ, ಗ್ಲೇಜ್ ಅನ್ನುವ ಹೊಳಪಿನ ಕಪ್ಪು ಲೇಪ, ಮೇಲೆ ಫಳಫಳ ಹೊಳೆಯುವ ಪುಡಿ. ಇಂಥ ಪ್ರಯೋಗದ ಸಿಹಿ ಮಾಡುವ ಒಂದು ಬೇಕರಿಯ ವಿಷಯಕ್ಕೆ ನಮ್ಮ ಬಳಗದಲ್ಲಿ ಎರಡು ಪಕ್ಷಗಳೇ ಆಗಿಬಿಟ್ಟಿವೆ. ಒಂದು ಪಕ್ಷ ‘ಇಂಥ ರುಚಿ ಬೇರೆಲ್ಲೂ ಸಿಗಲ್ಲ’ ಅನ್ನುತ್ತದೆ. ಇನ್ನೊಂದು ‘ದುಡ್ಡು ಕೊಟ್ಟು ತಲೆನೋವು ತಂದುಕೊಂಡೆವು’ ಅನ್ನುತ್ತದೆ. ಆನ್‌ಲೈನ್ ರಿವ್ಯೂಗಳಲ್ಲೂ ಅದೇ ಕಥೆ. ಕೊಟ್ಟರೆ ಐದು ಸ್ಟಾರ್, ಇಲ್ಲಾಂದ್ರೆ ಒಂದು.

ಬೇಕರಿಯ ಹೆಸರು ಹೇಳುವುದಿಲ್ಲ. ಇಂಥ ಅಂಗಡಿಗಳು ಈಗ ಎಲ್ಲಾ ಕಡೆ ಇವೆ, ನಮಗಾದದ್ದು ನಿಮ್ಮ ಹತ್ತಿರದ ಯಾವುದರಲ್ಲಿ ಬೇಕಾದರೂ ಆಗಬಹುದು. ನಾನು ಹೇಳಬೇಕೆಂದಿರುವುದು ಇಷ್ಟೇ: ಈ ‘ಕೆಲವರಿಗೆ ಇಷ್ಟ, ಕೆಲವರಿಗೆ ಇಷ್ಟವಿಲ್ಲ’ ಅನ್ನುವ ಮಾತಿನ ಹಿಂದೆ ರುಚಿಗೆ ಸಂಬಂಧವೇ ಇಲ್ಲದ ತಪ್ಪುಗಳು ಅಡಗಿ ಕೂತಿರುತ್ತವೆ. ಅವನ್ನು ಬೇರೆ ಮಾಡಿ ನೋಡಿ.

ಮೊದಲು ನ್ಯಾಯವಾಗಿ ಒಂದು ಮಾತು. ಅವರ ಮಿಸೋ ಕುಕಿ ನಿಜಕ್ಕೂ ಚೆನ್ನಾಗಿದೆ. ಉಪ್ಪು, ಸಿಹಿ, ಹುರಿದ ಬೆಣ್ಣೆಯ ಘಮ ಎಲ್ಲಾ ಹದವಾಗಿ ಕೂಡಿದೆ. ಪ್ರಯೋಗ ಅಂದ ತಕ್ಷಣ ಮೂಗು ಮುರಿಯುವವಳಲ್ಲ ನಾನು. ಈಗ ಎಲ್ಲರೂ ಚಪ್ಪರಿಸುವ ಉಪ್ಪು ಬೆಣ್ಣೆಯ ಕ್ಯಾರಮೆಲ್ ಕೂಡ ಒಂದು ಕಾಲಕ್ಕೆ ಹೊಸದೇ. 1977ರಲ್ಲಿ ಫ್ರಾನ್ಸಿನ ಕಿಬೆರಾನ್ ಎಂಬ ಊರಿನ ಆನ್ರಿ ಲ ರೂ ಅದನ್ನು ತನ್ನ ಅಂಗಡಿಯಲ್ಲಿ ಮಾಡಿ ಮಾರಿದ. ಮಿಠಾಯಿಗೆ ಉಪ್ಪಾ ಅಂತ ಆಗ ಹುಬ್ಬೇರಿಸಿದವರು ಇದ್ದೇ ಇರುತ್ತಾರೆ. ಈಗ ಯಾರೂ ಕೇಳುವುದಿಲ್ಲ.

ನಾವು ಹೇಳಿದ್ದು ತಂಗಿಯ ಹುಟ್ಟುಹಬ್ಬಕ್ಕೆ ಒಂದು ದೊಡ್ಡ ಕೇಕ್. ಕಪ್ಪೆಳ್ಳಿನ ಸ್ಪಾಂಜ್, ನಡುವೆ ಬ್ಲೂ ಚೀಸ್ ಕ್ರೀಮ್, ಅದರ ಮೇಲೆ ಕಿವಿ ಹಣ್ಣಿನ ಜೆಲ್ಲಿ, ಹೊರಗೆ ಕಪ್ಪು ಗ್ಲೇಜ್, ತಾಮ್ರದ ಬಣ್ಣದ ಮಿನುಗು. ಅದೇ ಕ್ರೀಮನ್ನು ಅಂಗಡಿಯಲ್ಲಿ ಸಣ್ಣ ಕಪ್ಪಿನಲ್ಲಿ ರುಚಿ ನೋಡಿದ್ದೆವು. ಎಲ್ಲರಿಗೂ ಹಿಡಿಸಿತ್ತು. ತಂಗಿಯಂತೂ ಚಮಚ ನೆಕ್ಕಿದ್ದಳು.

ಮನೆಯಲ್ಲಿ ಕೇಕ್ ಕತ್ತರಿಸಿದಾಗ ಮೊದಲು ಬಂದದ್ದು ವಾಸನೆ. ಅಂಗಡಿಯಲ್ಲಿ ಸುಳಿಯದಿದ್ದ ವಾಸನೆ, ಗಾಟು ಚೀಸಿನದ್ದು. ಇದರಲ್ಲಿ ಮಾಯ ಮಂತ್ರ ಏನಿಲ್ಲ. ತಣ್ಣಗಿದ್ದಾಗ ತಿಂಡಿಯ ವಾಸನೆ, ಸಿಹಿ ಎರಡೂ ಮಂಕಾಗಿರುತ್ತವೆ. ಕರಗಿದ ಐಸ್‌ಕ್ರೀಮ್ ಕುಡಿದು ನೋಡಿ, ಗಟ್ಟಿ ಇದ್ದಾಗಿನಕ್ಕಿಂತ ತುಂಬಾ ಸಿಹಿ ಅನಿಸುತ್ತದೆ. ಅಂಗಡಿಯಲ್ಲಿ ಕೊಡುವ ರುಚಿ ಕಪ್ ಫ್ರಿಜ್ಜಿನಿಂದ ನೇರವಾಗಿ ಕೈಗೆ ಬರುತ್ತದೆ. ಪಾರ್ಟಿಯಲ್ಲಿ ಕೇಕ್ ಮೇಜಿನ ಮೇಲೆ ಕಾಯುತ್ತದೆ. ನೆಂಟರು ಬರಬೇಕು, ಫೋಟೋ ಆಗಬೇಕು, ಮೇಣದಬತ್ತಿ ಹಚ್ಚಬೇಕು. ಅಷ್ಟು ಹೊತ್ತಿಗೆ ಬೆಚ್ಚಗಾಗಿ ಚೀಸ್ ತನ್ನ ಬುದ್ಧಿ ತೋರಿಸುತ್ತದೆ. ಜೊತೆಗೆ ಅಳತೆಯ ಮಾತೂ ಇದೆ. ಎರಡು ಚಮಚಕ್ಕೆ ‘ವಾವ್’ ಅನಿಸುವ ಉಪ್ಪು ಕ್ರೀಮ್ ಇಡೀ ತುಂಡು ತಿನ್ನುವಾಗ ಗಂಟಲಿಗೆ ಹತ್ತುತ್ತದೆ.

ಐದು ಸ್ಟಾರಿನವರೂ ಒಂದು ಸ್ಟಾರಿನವರೂ ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ ಅಂತ ನನಗೆ ಅನಿಸುವುದು ಇದಕ್ಕೇ. ರಿವ್ಯೂಗಳನ್ನು ಮತ್ತೆ ಕೂತು ಓದಿದೆ. ಹೊಗಳಿದವರಲ್ಲಿ ಹೆಚ್ಚಿನವರು ಅಂಗಡಿಯಲ್ಲೇ ಕೂತು, ಒಂದು ತುಂಡನ್ನು ನಾಲ್ಕು ಜನ ಹಂಚಿಕೊಂಡವರು. ಫೋಟೋದಲ್ಲಿ ಆ ತುಂಡಿಗೆ ಇನ್ನೂ ಚಮಚವೇ ತಾಗಿರುವುದಿಲ್ಲ! ಬೈದವರು ಹೆಚ್ಚಾಗಿ ಮನೆಗೆ ಒಯ್ದವರು. ಇಬ್ಬರೂ ತಿಂದದ್ದು ಒಂದೇ ಹೆಸರಿನ ಬೇರೆ ಬೇರೆ ತಿಂಡಿ. ಆದ್ದರಿಂದ ಸ್ಟಾರ್ ಎಣಿಸಬೇಡಿ. ಇಡೀ ಕೇಕ್ ಮನೆಗೆ ಒಯ್ದವರು ಏನು ಬರೆದಿದ್ದಾರೆ ಅನ್ನುವುದನ್ನಷ್ಟೇ ಹುಡುಕಿ ಓದಿ.

ಸರಿ, ಇಲ್ಲಿಯವರೆಗಿನದು ರುಚಿಯ ಮಾತು ಅಂತಲೇ ಒಪ್ಪೋಣ. ಬಂದವರಲ್ಲಿ ಒಬ್ಬಿಬ್ಬರು ಆ ಚೀಸ್ ಕ್ರೀಮನ್ನು ಇಷ್ಟಪಟ್ಟು ತಿಂದರು ಕೂಡ. ಆದರೆ ಕೇಕ್ ಜಾರಿದ್ದು ಯಾರ ಅಭಿಪ್ರಾಯ?

ಚಾಕು ಇಟ್ಟ ಕೂಡಲೇ ಕಿವಿ ಜೆಲ್ಲಿ ನೀರಾಗಿ ಹರಿಯಿತು. ಮೇಲಿನ ಪದರ ಓರೆಯಾಗಿ ಪಕ್ಕಕ್ಕೆ ಸರಿಯಿತು. ತಂಗಿ ಚಾಕು ಹಿಡಿದು ನಗಬೇಕೋ ಅಳಬೇಕೋ ಗೊತ್ತಾಗದೆ ನಿಂತಳು. ಹಸಿ ಕಿವಿ ಹಣ್ಣಿನಲ್ಲಿ ಪ್ರೋಟೀನ್ ಒಡೆಯುವ ಒಂದು ಕಿಣ್ವ ಇದೆ. ಅನಾನಸ್, ಪರಂಗಿಯಲ್ಲೂ ಇಂಥವೇ ಇವೆ. ಜೆಲ್ಲಿ ಗಟ್ಟಿಯಾಗಲು ಹಾಕುವ ಜೆಲಟಿನ್ ಅನ್ನುವುದು ಪ್ರೋಟೀನೇ. ಹಸಿ ಹಣ್ಣನ್ನು ಅದರಲ್ಲಿ ಬೆರೆಸಿದರೆ ಜೆಲ್ಲಿ ಗಟ್ಟಿಯಾಗುವುದಿಲ್ಲ, ಗಟ್ಟಿಯಾದರೂ ಹಾಗೇ ನಿಲ್ಲುವುದಿಲ್ಲ. ಹಣ್ಣನ್ನು ಮೊದಲು ಚೆನ್ನಾಗಿ ಬಿಸಿ ಮಾಡಿದ್ದರೆ ಕಿಣ್ವ ಕೆಲಸ ನಿಲ್ಲಿಸುತ್ತಿತ್ತು. ಇಲ್ಲವೇ ಜೆಲಟಿನ್ ಬದಲು ಕಡಲ ಪಾಚಿಯಿಂದ ತೆಗೆಯುವ ಅಗರ್ ಬಳಸಬಹುದಿತ್ತು, ಅದು ಪ್ರೋಟೀನ್ ಅಲ್ಲ. ಬೇಕಿಂಗ್ ಕಲಿಯುವವರಿಗೆ ಮೊದಮೊದಲೇ ಹೇಳಿಕೊಡುವ ಪಾಠ ಇದು. ನಮ್ಮ ಕೇಕಿನಲ್ಲಿ ಜೆಲಟಿನ್ನೇ ಇತ್ತು, ಕಿವಿ ಹಸಿಯದೇ ಇತ್ತು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ‘ಫ್ರೆಶ್ ಹಣ್ಣು ಮೇಡಂ’ ಅಂತ ಹೆಮ್ಮೆಯಿಂದಲೇ.

ಪ್ರಯೋಗ ಮಾಡಲಿ, ಬೇಡ ಅನ್ನುವವರು ಯಾರು? ಅಡುಗೆಮನೆಯಲ್ಲಿ ಮಾಡಿ ಮುಗಿಸಿ ಆಮೇಲೆ ಮಾರಲಿ. 2013ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಡೊಮಿನಿಕ್ ಆನ್ಸೆಲ್ ಬೇಕರಿಯಲ್ಲಿ ಕ್ರೋನಟ್ ಬಂದಾಗ ಜನ ಬೆಳಗಿನ ಜಾವದಿಂದ ಸಾಲು ನಿಂತರು. ಬೆಣ್ಣೆಯ ಪದರಗಳ ಕ್ರೋಸಾಂಟ್, ಎಣ್ಣೆಯಲ್ಲಿ ಕರಿದ ಡೋನಟ್ ಎರಡನ್ನೂ ಕೂಡಿಸಿದ ತಿಂಡಿ ಅದು. ಸುಮ್ನೆ ಕ್ರೋಸಾಂಟ್ ಹಿಟ್ಟನ್ನು ಎಣ್ಣೆಗೆ ಬಿಟ್ಟು ಮಾಡಿದ್ದಲ್ಲ. ಎರಡು ತಿಂಗಳು, ಹತ್ತಕ್ಕೂ ಹೆಚ್ಚು ಸಲ ರೆಸಿಪಿ ಬದಲಿಸಿ ನೋಡಿದ ಮೇಲೆ ಮಾರಾಟಕ್ಕಿಟ್ಟೆವು ಅಂತ ಆ ಬೇಕರಿಯೇ ಹೇಳಿಕೊಂಡಿದೆ. ಬೇಗ ತಿಂದು ಮುಗಿಸಿ, ಫ್ರಿಜ್ಜಿನಲ್ಲಿ ಇಡಬೇಡಿ ಅಂತಲೂ ಹೇಳುತ್ತಾರೆ. ನಮ್ಮ ಕೇಕಿನ ಡಬ್ಬಿಯ ಮೇಲೆ ಎಷ್ಟು ಹೊತ್ತು ಹೊರಗಿಡಬಹುದು ಅನ್ನುವ ಒಂದು ಚೀಟಿಯೂ ಇರಲಿಲ್ಲ. ಅವರ ಪುಟಕ್ಕೆ ಟ್ಯಾಗ್ ಮಾಡಿ ಅನ್ನುವ ಚೀಟಿ ಮಾತ್ರ ಎರಡೆರಡು ಇದ್ದವು.

ಈಗ ನನಗೆ ನಿಜವಾಗಿ ಸಿಟ್ಟು ಬಂದ ವಿಷಯ. ಆ ಮಿನುಗುವ ಪುಡಿ.

ಮಕ್ಕಳ ತುಟಿ, ಬೆರಳು, ಅಂಗಿ ಎಲ್ಲಾ ತಾಮ್ರದ ಬಣ್ಣ. ನೀರಲ್ಲಿ ತೊಳೆದರೂ ಹೋಗಲಿಲ್ಲ. ಅತ್ತಿಗೆಗೆ ಅನುಮಾನ ಬಂದು, ಇದು ತಿನ್ನುವ ಪುಡಿ ತಾನೇ ಅಂತ ಕೇಳಿದರು. ಬೇಕರಿಗೆ ಮೆಸೇಜ್ ಮಾಡಿದೆ. ಅವರು ಡಬ್ಬಿಯ ಫೋಟೋ ಕಳಿಸಿದರು. ಅದರ ಮೇಲೆ ದಪ್ಪಗೆ ‘ನಾನ್ ಟಾಕ್ಸಿಕ್’ ಅಂತ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಅಲಂಕಾರಕ್ಕೆ ಮಾತ್ರ ಅಂತ. ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯೇ ಇಲ್ಲ.

ಇದನ್ನು ದಯವಿಟ್ಟು ನೆನಪಿಡಿ. ‘ನಾನ್ ಟಾಕ್ಸಿಕ್’ ಅಂದರೆ ತಿನ್ನಬಹುದು ಅಂತ ಅರ್ಥವಲ್ಲ. ಮಕ್ಕಳ ಕ್ರೇಯಾನ್ ಮೇಲೂ ಹಾಗೇ ಬರೆದಿರುತ್ತದೆ. ತಿನ್ನುವ ಪುಡಿಯಾದರೆ ಡಬ್ಬಿಯ ಮೇಲೆ ‘ಎಡಿಬಲ್’ ಅಂತ ಇರಬೇಕು, ಅದರ ಜೊತೆ ಪದಾರ್ಥಗಳ ಪಟ್ಟಿಯೂ ಇರಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಈ ಬಗ್ಗೆ ಒಂದು ವರದಿ ಕೊಟ್ಟಿತು. 2018ರಲ್ಲಿ ಅಲ್ಲಿನ ರೋಡ್ ಐಲೆಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕ್ ತಿಂದ 6 ಮಕ್ಕಳಿಗೆ ವಾಂತಿ, ಭೇದಿ ಶುರುವಾಗಿತ್ತು. ಕೇಕಿಗೆ ಹಚ್ಚಿದ್ದ ರೋಸ್ ಗೋಲ್ಡ್ ಪುಡಿಯಲ್ಲಿ ತುಂಬಿದ್ದದ್ದು ತಾಮ್ರ. ಕೇಕನ್ನು ಮಾಡಿದ್ದು ಕೆಲಸ ತಿಳಿಯದ ಯಾರೋ ಅಲ್ಲ, ಒಂದು ಬೇಕರಿ. ಅದೇ ವರದಿಯಲ್ಲಿ ಮಿಸೂರಿ ರಾಜ್ಯದ ಒಂದು ಪುಟ್ಟ ಮಗುವಿನ ವಿಷಯವೂ ಇದೆ. ಕೇಕಿನ ಅಲಂಕಾರದ ಪುಡಿಯಿಂದ ಆ ಮಗುವಿನ ರಕ್ತದಲ್ಲಿ ಸೀಸ ಸೇರಿತ್ತು.

ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ. ಅಷ್ಟರಲ್ಲಿ ಮಕ್ಕಳ ತಟ್ಟೆ ಎತ್ತಿಬಿಟ್ಟಿದ್ದೆವು.

ಕಪ್ಪು ಬಣ್ಣದ್ದು ಇನ್ನೊಂದು ಕಥೆ. ಕಪ್ಪೆಳ್ಳು, ಕಪ್ಪು ಕೋಕೋ ಪುಡಿಯಿಂದ ಬಂದ ಬಣ್ಣವಾದರೆ ಚಿಂತೆಯಿಲ್ಲ. ನಮ್ಮ ಗ್ಲೇಜಿಗೆ ಹಾಕಿದ್ದು ಆಕ್ಟಿವೇಟೆಡ್ ಚಾರ್ಕೋಲ್. ವಿಷ ನುಂಗಿದವರಿಗೆ ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಅದೇ ಇದ್ದಿಲು. ಹೊಟ್ಟೆಯಲ್ಲಿ ಇರುವುದನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುವುದು ಅದರ ಕೆಲಸ. ವಿಷ ಯಾವುದು, ನಾವು ನುಂಗಿದ ಮಾತ್ರೆ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2018ರಲ್ಲಿ ಐಸ್‌ಕ್ರೀಮ್ ಅಂಗಡಿ, ಕೆಫೆಗಳಿಗೆ ಇದನ್ನು ಹಾಕಬೇಡಿ ಅಂದಿತು. ಯುರೋಪಿನಲ್ಲಿ ಸಸ್ಯ ಮೂಲದ ಇದ್ದಿಲ ಬಣ್ಣಕ್ಕೆ ಒಪ್ಪಿಗೆ ಇದೆ. ಹೀಗೆ ಒಂದೊಂದು ಕಡೆ ಒಂದೊಂದು ನಿಯಮ. ಒಂದು ತುಂಡಿನಲ್ಲಿ ಎಷ್ಟು ಇರುತ್ತದೆ ಅಂತ ತಿನ್ನುವವರಿಗೆ ಹೇಗೆ ಗೊತ್ತಾಗಬೇಕು? ನಮ್ಮಮ್ಮ ದಿನಾ ಊಟದ ಜೊತೆ ಮಾತ್ರೆ ತಗೊಳ್ಳುವವರು. ಇದ್ದಿಲು ಹಾಕಿದೆ ಅಂತ ಮೊದಲೇ ಹೇಳಿದ್ದರೆ ಅವರು ಗ್ಲೇಜ್ ಬಿಟ್ಟು ತಿನ್ನುತ್ತಿದ್ದರು, ಅಷ್ಟೇ ತಾನೇ? ಅವರ ಪುಟದಲ್ಲಿ ಇದ್ದದ್ದು ‘ಮಿಡ್‌ನೈಟ್ ಗ್ಲೇಜ್’ ಅನ್ನುವ ಹೆಸರು ಮಾತ್ರ.

ಎಳ್ಳಿನ ವಿಷಯವೂ ಹಾಗೇ. ಕೆಲವರಿಗೆ ಎಳ್ಳು ಅಲರ್ಜಿ. 2023ರ ಜನವರಿ 1ರಿಂದ ಅಮೆರಿಕದಲ್ಲಿ ಪ್ಯಾಕೆಟ್ ಆಹಾರದ ಲೇಬಲ್ ಮೇಲೆ ಎಳ್ಳನ್ನು ಹೇಳಲೇಬೇಕು ಅಂತ ಕಾನೂನಾಗಿದೆ. ಬಂದವರಲ್ಲಿ ಒಬ್ಬರು ಬೀಜಗಳನ್ನು ಮುಟ್ಟುವವರಲ್ಲ. ಕ್ರೀಮಿನಲ್ಲಿ ಏನಾದರೂ ಬೀಜದ ಪೇಸ್ಟ್ ಇದೆಯಾ ಅಂದರೆ ಬೇಕರಿಯಿಂದ ಬಂದ ಉತ್ತರ: ‘ಅದು ನಮ್ಮ ಸೀಕ್ರೆಟ್ ರೆಸಿಪಿ.’ ಪಾಪ, ಅವರು ಬರೀ ನೀರು ಕುಡಿದು ಹೋದರು.

ಮಾರನೇ ದಿನ ಮಾತಾಡಲು ಹೋದೆವು. ಗಲಾಟೆ ಏನೂ ಮಾಡಲಿಲ್ಲ. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನೇ, ಪಾಪ ಅವನಿಗೆ ಏನೂ ಗೊತ್ತಿಲ್ಲ. ಮಾಲೀಕರು ಬಂದು ‘ನಮ್ಮ ಸಿಹಿ ಎಲ್ಲರ ನಾಲಿಗೆಗೂ ಅಲ್ಲ ಮೇಡಂ, ಅಭ್ಯಾಸ ಆಗಬೇಕು’ ಅಂದರು. ಆಮೇಲೆ ವಿಜ್ಞಾನ ಶುರುವಾಯಿತು. ಎರಡು ಪದಾರ್ಥಗಳಲ್ಲಿ ಒಂದೇ ಥರದ ಪರಿಮಳದ ಅಣುಗಳಿದ್ದರೆ ಅವು ಹೊಂದುತ್ತವಂತೆ, ಅವರ ಕೇಕುಗಳೆಲ್ಲ ಆ ಲೆಕ್ಕದ ಮೇಲೇ ಆಗಿರುವುದಂತೆ.

ಆ ಲೆಕ್ಕ ಇರುವುದು ನಿಜ. ಆದರೆ ಪೂರ್ತಿ ನಿಜವಲ್ಲ. 2011ರಲ್ಲಿ ಸಂಶೋಧಕರು 56 ಸಾವಿರಕ್ಕೂ ಹೆಚ್ಚು ರೆಸಿಪಿಗಳನ್ನು ಹೋಲಿಸಿ ನೋಡಿದರು. ಪಶ್ಚಿಮದ ಅಡುಗೆಗಳಲ್ಲಿ ಒಂದೇ ಥರದ ಪರಿಮಳ ಇರುವ ಪದಾರ್ಥಗಳು ಜೊತೆಯಾಗುವುದು ಜಾಸ್ತಿ ಇತ್ತು. ಪೂರ್ವ ಏಷ್ಯಾದ ಅಡುಗೆಗಳಲ್ಲಿ ಅದಕ್ಕೆ ತದ್ವಿರುದ್ಧ, ಅಂಥ ಜೋಡಿಗಳು ಕಡಿಮೆ. ಎರಡೂ ಕಡೆ ಜನ ಖುಷಿಯಾಗೇ ಊಟ ಮಾಡುತ್ತಿದ್ದಾರೆ ಅಲ್ವಾ? ಅಣು ಹೊಂದಿದ ಮಾತ್ರಕ್ಕೆ ಕೇಕ್ ಚೆನ್ನಾಗಿರಬೇಕು ಅಂತೇನೂ ಇಲ್ಲ. ಅದೂ ಇರಲಿ, ಜೆಲ್ಲಿ ನೀರಾದದ್ದಕ್ಕೂ ಪುಡಿಯ ಡಬ್ಬಿಗೂ ಈ ಅಣುಗಳಿಗೂ ಏನು ಸಂಬಂಧ? ಆ ಎರಡು ವಿಷಯ ಎತ್ತಿದಾಗಲೆಲ್ಲ ಮಾತು ಮತ್ತೆ ಚೀಸಿಗೇ ತಿರುಗುತ್ತಿತ್ತು. ಚೀಸಿನ ಬಗ್ಗೆ ವಾದ ಮಾಡುವುದು ಅವರಿಗೆ ಸುಲಭ. ಅಲ್ಲಿ ‘ನಿಮಗೆ ಹಿಡಿಸಲಿಲ್ಲ’ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು.

ದೂರು ಕೊಡಲು ಹೋದರೆ ರುಚಿಯ ಸುದ್ದಿಯನ್ನೇ ತೆಗೆಯಬೇಡಿ. ಕೇಕ್ ನಿಲ್ಲಲಿಲ್ಲ, ಪುಡಿ ತಿನ್ನುವಂಥದ್ದಲ್ಲ, ಪದಾರ್ಥ ಹೇಳಲಿಲ್ಲ. ಇಷ್ಟನ್ನೇ ಹಿಡಿಯಿರಿ. ಕತ್ತರಿಸಿದ ಕೇಕಿನ ಫೋಟೋ, ಅವರ ಮೆಸೇಜ್, ಬಿಲ್ಲು ಎಲ್ಲಾ ಇಟ್ಟುಕೊಳ್ಳಿ. ಪುಡಿಯ ಥರದ ವಿಷಯವಾದರೆ ನಿಮ್ಮ ಕಡೆಯ ಆಹಾರ ಸುರಕ್ಷತೆ ಇಲಾಖೆಗೂ ತಿಳಿಸಿ. ನಾವು ತಿಳಿಸಿದ್ದೇವೆ.

ಅಷ್ಟಾದರೂ ಆಸೆಯಾಗುತ್ತಿದ್ದರೆ ಹೋಗಿ. ಒಂದೇ ತುಂಡು ತಗೊಳ್ಳಿ, ಅರ್ಧ ತಿಂದು ಉಳಿದರ್ಧವನ್ನು ಸ್ವಲ್ಪ ಹೊತ್ತು ಮೇಜಿನ ಮೇಲೆ ಬಿಟ್ಟು ಆಮೇಲೆ ತಿನ್ನಿ. ಆಗಲೂ ಇಷ್ಟವಾದರೆ ದೊಡ್ಡದು ಹೇಳುವ ಯೋಚನೆ ಮಾಡಿ. ಹೇಳುವಾಗ ಪದಾರ್ಥಗಳ ಪಟ್ಟಿಯನ್ನು ಬರೆದು ಕೊಡಲು ಕೇಳಿ. ಅಳತೆ ಬೇಡ, ಹೆಸರು ಸಾಕು. ಪುಡಿಯ ಡಬ್ಬಿಯ ಹಿಂಭಾಗದ ಫೋಟೋ ತರಿಸಿಕೊಳ್ಳಿ. ಕೇಕ್ ಕೆಟ್ಟರೆ ಅಡ್ವಾನ್ಸ್ ವಾಪಸ್ ಬರುತ್ತದಾ ಅನ್ನುವುದನ್ನೂ ಬರಹದಲ್ಲೇ ಪಡೆಯಿರಿ. ಇಷ್ಟು ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಬೇರೆ ಅಂಗಡಿ ನೋಡಿಕೊಳ್ಳಿ.

ನಮಗೆ ದುಡ್ಡು ವಾಪಸ್ ಬರಲಿಲ್ಲ. ಕೂಪನ್ ಕಳಿಸುತ್ತೇವೆ ಅಂದಿದ್ದಾರೆ, ಅದೂ ಇನ್ನೂ ಬಂದಿಲ್ಲ. ಬಂದರೆ ಮಿಸೋ ಕುಕಿ ತಗೊಳ್ಳೋಣ ಅಂತ ತಂಗಿ ಹೇಳುತ್ತಿದ್ದಾಳೆ. ಅತ್ತಿಗೆ ಮಾತ್ರ ಆ ಅಂಗಡಿಯ ನೀರೂ ಬೇಡ ಅನ್ನುತ್ತಿದ್ದಾರೆ.