ಸಾದಾ ಪ್ಯಾಕಿಂಗ್ ಕ್ಯೂಬಾ, ಕಂಪ್ರೆಷನ್ ಕ್ಯೂಬಾ?

ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ವಿಮಾನ ನಿಲ್ದಾಣ ಹತ್ತಿರವೇ. ಸೂಟ್‌ಕೇಸ್ ಜೋಡಿಸುವುದೇ ದೊಡ್ಡ ಕೆಲಸ, ಅಲ್ವಾ? ಅದಕ್ಕೇ ಪ್ಯಾಕಿಂಗ್ ಕ್ಯೂಬ್, ಅಂದರೆ ಬಟ್ಟೆ ವಿಂಗಡಿಸಿ ಸೂಟ್‌ಕೇಸ್ ಒಳಗಿಡುವ ಜಿಪ್ ಚೀಲ.

ಸಾದಾ ಕ್ಯೂಬ್‌ನಿಂದ ಜಾಗ ಜಾಸ್ತಿ ಉಳಿಯುವುದಿಲ್ಲ, ಹುಡುಕಾಟ ತಪ್ಪುತ್ತದೆ. ಮೇಲೆ ಜಾಲರಿ ಇದ್ದರೆ ತೆರೆಯದೆಯೇ ಒಳಗಿನದು ಕಾಣುತ್ತದೆ. ಮನೆಮಂದಿಯೆಲ್ಲ ಹೊರಟರೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಡಿ. ಮೊದಲ ಸಲ ಕೊಳ್ಳುವವರಿಗೆ ನಾನು ಸಾದಾ ಕ್ಯೂಬನ್ನೇ ಹೇಳುತ್ತೇನೆ.

ಕಂಪ್ರೆಷನ್ ಕ್ಯೂಬಿಗೆ ಎರಡನೇ ಜಿಪ್ ಇರುತ್ತದೆ. ಎಳೆದರೆ ಸ್ವೆಟರ್, ಜಾಕೆಟ್ ತೆಳ್ಳಗಾಗುತ್ತವೆ. ಚಳಿ ಊರಿಗೆ ಒಳ್ಳೆಯದು. ಆದರೆ ತೂಕ ಒಂದು ಗ್ರಾಂ ಕೂಡ ಇಳಿಯುವುದಿಲ್ಲ! ಜಾಗ ಇದೆ ಅಂತ ಸುಮ್ನೆ ತುಂಬುತ್ತಾ ಹೋದರೆ, ದೇಶದೊಳಗಿನ ಹೆಚ್ಚಿನ ವಿಮಾನಗಳ ಚೆಕ್-ಇನ್ ಬ್ಯಾಗಿನ 15 ಕಿಲೋ ಮಿತಿ ದಾಟೀತು.

ರೇಷ್ಮೆ ಸೀರೆಯನ್ನಂತೂ ಅದರಲ್ಲಿ ಒತ್ತಬೇಡಿ. ಶಿಡ್ಲಘಟ್ಟದ ಸೀಮೆಯವರಿಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ: ಮಡಿಕೆಯಲ್ಲಿ ಜರಿ ಹಾಳಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲಿಡಿ.